ಬಲಗಡೆಯವನ ಪರವಾಗಿ

೪ ಫೆಬ್ರವರಿ

ಪ್ರೀತಿಯ ಕಂಚು,

ನಿನ್ನ ಕಾಗದ ನಿನ್ನೆ ಬಂತು. ದಿನವಿಡೀ ಕಿವಿಗೆ ಫೋನು ಸಿಕ್ಕಿಸಿಕೊಂಡು, ಆಂಬುಲೆನ್ಸ್ ಬೇಕೆಂದು ಕೂಗುವವರಿಗೆಲ್ಲ ಓಗೊಡುವ ನೀನು ಮನೆಗೆ ಹೋದ ಮೇಲೆ ಫೋನನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಹಟ ಹಿಡಿದಿರುವುದರಿಂದ ನನಗಂತೂ ಲಾಭವೇ ಆಗಿದೆ. ಆಫೀಸಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅತ್ತಿಗೆ ನಾದಿನಿ ಕಾಗದ ಬರೆದುಕೊಳ್ಳುತ್ತಾರೆ ಅಂದರೆ ಆಸ್ತಿ ಜಗಳವೇ ಇರಬೇಕು ಅನ್ನುತ್ತಾರೆ.

ನಿಮ್ಮ ಕರೆಕೋಣೆಗೆ ಬರುತ್ತಿರುವ ಹೊಸ ಸರ್ವರ್ ನಮ್ಮ ತಂಡ ಕಟ್ಟಿದ್ದೇ ಎಂದು ಕೇಳಿ ಹಿಗ್ಗಿದೆ. ಅದು ಸರಿಯಾಗಿ ನಡೆಯುತ್ತದೆ ಎಂದು ಪಾಳಿಯ ಮುಖ್ಯಸ್ಥೆಯಾದ ನೀನು ‘ಆಗಲಿ’ ಅಂದ ಮೇಲೆಯೇ ಹಳೆಯದನ್ನು ಬಿಚ್ಚುತ್ತಾರಂತೆ. “ನಾನೇನು ಕಂಡೆ, ಅದರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳಿ” ಎಂದು ಬರೆದಿದ್ದೀಯ. ಹೇಳುತ್ತೇನೆ.

ಹೊರಗೆ ಒಂದೇ ಪೆಟ್ಟಿಗೆ, ಒಳಗೆ ಎರಡು ಯಂತ್ರ. ನಾವು ಅವರನ್ನು ಎಡಗಡೆಯವನು, ಬಲಗಡೆಯವನು ಅನ್ನುತ್ತೇವೆ. ಒಬ್ಬ ಮಾಡುವ ಕೆಲಸವನ್ನೇ ಇನ್ನೊಬ್ಬನೂ ಅದೇ ಕ್ಷಣದಲ್ಲಿ ಮಾಡುತ್ತಿರುತ್ತಾನೆ. ಒಬ್ಬ ಕುಸಿದುಬಿದ್ದರೆ ಇನ್ನೊಬ್ಬ ತುಟಿ ಪಿಟಕ್ಕೆನ್ನದೆ ಮುಂದುವರಿಸುತ್ತಾನೆ. ನಿಮಗೆ ಫೋನು ಮಾಡಿದವರಿಗೆ ಅದು ಗೊತ್ತೂ ಆಗಬಾರದು.

ನನ್ನ ಪಾಲಿನ ಕೆಲಸ ಅವರ ನಡುವಣ ಮಾತುಕತೆ. ಒಳಗಿನ ಭಾಗಗಳು ಒಂದಕ್ಕೊಂದು ನೆಟ್‌ವರ್ಕಿನಲ್ಲಿ ಮಾತಾಡುತ್ತವೆ, ಆದರೆ ತಂತಿ ಇಲ್ಲ. ತಂತಿ ಇದೆ ಎಂಬ ನಂಬಿಕೆಯನ್ನು ಮಾತ್ರ ಪ್ರತಿಯೊಂದಕ್ಕೂ ಕೊಟ್ಟಿದ್ದೇವೆ. ಒಂದು ಭಾಗ ತನ್ನ ಮಾತನ್ನು ಎಲ್ಲರಿಗೂ ಎಟಕುವ ನೆನಪಿನ ಮೂಲೆಯೊಂದರಲ್ಲಿ ಇಟ್ಟು ಮೆಲ್ಲಗೆ ತಿವಿಯುತ್ತದೆ, ಇನ್ನೊಂದು ಅದನ್ನು ಅಲ್ಲಿಂದ ಎತ್ತಿಕೊಳ್ಳುತ್ತದೆ. ಇಷ್ಟೇ. ನೇರವಾಗಿಯೇ ಕೊಡಬಹುದಲ್ಲ, ಈ ತಂತಿಯ ನಾಟಕ ಯಾಕೆ ಅಂದರೆ, ವಿಳಾಸ ಒಂದೇ ಇದ್ದರೆ ಮನೆ ಬದಲಾಯಿಸಿದರೂ ಕಾಗದ ತಲುಪುತ್ತದೆ. ಒಂದು ಭಾಗ ಕೆಟ್ಟಾಗ ಅದರ ಮಾತನ್ನೆಲ್ಲ ಬೇರೆ ದಾರಿಗೆ ಹೊರಳಿಸುತ್ತೇವೆ, ಮಾತಾಡುವವರಿಗೆ ತಿಳಿಯುವುದೇ ಇಲ್ಲ. ಮಾತು ಸಾಗಿಸುವ ಪ್ರೋಗ್ರಾಮಿಗೆ ನಾನಿಟ್ಟ ಹೆಸರು ನಡುವಿನವಳು. ತಂಡದವರು ನಗುತ್ತಾರೆ. ನಗಲಿ. ಇಲ್ಲದ ತಂತಿಯ ಮೇಲೆ ಇಷ್ಟು ವರ್ಷ ಕೂತಿದ್ದೇನೆ, ಇನ್ನೂ ಬಿದ್ದಿಲ್ಲ.

ಹೆದರಬೇಡ, ಧಾರಾಳವಾಗಿ ‘ಆಗಲಿ’ ಅನ್ನು. ಕೆಳಗೆ ಜಾಗ ಬಿಟ್ಟಿದ್ದೇನೆ. ನಿನ್ನಣ್ಣ ಪೆನ್ಸಿಲ್ ಹಿಡಿದು ಆಗಲೇ ಹಿಂದೆ ನಿಂತಿದ್ದಾರೆ.

ಅತ್ತಿಗೆ

ಬಾಲಂಗೋಚಿ: ಬಾಯಿಬಡುಕಿ, ಇವಳು ಎರಡು ಪುಟ ಕೊರೆದದ್ದನ್ನ ನಾನು ಒಂದು ಸಾಲಲ್ಲಿ ಹೇಳ್ತೀನಿ. ಒಂದೇ ಹಗ್ಗಕ್ಕೆ ನೇತಾಡೋದು ಲಿಫ್ಟಲ್ಲ, ಬಾವಿ ಕೊಡ. ಲಿಫ್ಟ್ ರಿಪೇರಿಯವನ ಮಾತು, ಬರೆದಿಟ್ಕೋ. — ಅಣ್ಣ


೧೮ ಫೆಬ್ರವರಿ

ಅತ್ತಿಗೆ,

ನಿಮ್ಮ ಎಡಗಡೆಯವನೂ ಬಲಗಡೆಯವನೂ ಬಂದು ತಳ ಊರಿದ್ದಾರೆ. ಕರೆಕೋಣೆಯ ಹಿಂದೆ ಗಾಜಿನ ಬಾಗಿಲಿನ ಒಂದು ಸಣ್ಣ ಕೋಣೆ ಇದೆ. ಒಳಗೆ ಹೋದರೆ ಹಲ್ಲು ಕಟಕಟಿಸುವಷ್ಟು ಚಳಿ. ನೆಲದ ಹಲಗೆ ಎತ್ತಿದರೆ ಕೆಳಗೆಲ್ಲ ತಂತಿಯೋ ತಂತಿ. ಒಳಗೆ ತಂತಿಯಿಲ್ಲ ಅಂತ ಬರೆದಿದ್ದಿರಿ, ಹೊರಗೆ ಅದರ ಬಡ್ಡಿ ಸಮೇತ ಇದೆ. ಪೆಟ್ಟಿಗೆಯ ಮುಂದೆ ಎರಡು ಹಸಿರು ದೀಪ. ಅವನ್ನು ನೋಡಿಕೊಳ್ಳುವ ತಂತ್ರಜ್ಞನ ಅಂಗಿ ಜೇಬಿನಲ್ಲಿ ಯಾವಾಗಲೂ ಸ್ಕ್ರೂಡ್ರೈವರ್ ಇರುತ್ತದೆ. ನಾವು ಅವನನ್ನು ಹಾಗೇ ಕರೆಯುತ್ತೇವೆ. ಈಗ ಹೊಸ ಯಂತ್ರ ಹಳೆಯದರ ಪಕ್ಕದಲ್ಲಿ ಕೂತು ಕರೆಗಳನ್ನು ಕೇಳಿಸಿಕೊಳ್ಳುತ್ತಿದೆ ಅಷ್ಟೇ, ಮಾತಾಡುತ್ತಿಲ್ಲ. ಹೊಸ ಸೊಸೆಯ ಹಾಗೆ.

ನನಗೊಂದು ಅನುಮಾನ. ಒಬ್ಬ ಸುಮ್ಮನಾದರೆ ಅದು ಇನ್ನೊಬ್ಬನಿಗೆ ಹೇಗೆ ಗೊತ್ತಾಗುತ್ತದೆ? ಕೇಳಿದ್ದು ಯಾಕೆಂದರೆ, ನಮ್ಮ ಕೆಲಸದಲ್ಲಿ ಅದೇ ಕಷ್ಟ. ಮೊನ್ನೆ ಒಬ್ಬ ಹೆಂಗಸಿನ ಕರೆ ಬಂತು. ಗಂಡ ಊಟಕ್ಕೆ ಕೂತವನು ಚಮಚ ಬೀಳಿಸಿದನಂತೆ, ಹೇಗೋ ನೋಡುತ್ತಿದ್ದಾನಂತೆ. ನಾನು ಏನು ಕೇಳಿದರೂ ಉತ್ತರ ಅವಳದೇ. ನೋವಿದೆಯಾ ಅಂದರೆ ಇಲ್ಲವಂತೆ. ತಲೆ ಸುತ್ತಿದೆಯಾ ಅಂದರೆ ಆರಾಮಾಗಿದ್ದಾರಂತೆ. ನಾನು ಹೇಳಿದೆ:

“ಅಮ್ಮಾ, ಫೋನು ಅವರ ಕೈಗೆ ಕೊಡಿ. ಅವರೇ ಹೇಳಲಿ.”

ಆ ಕಡೆಯಿಂದ ಉಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ನಗಲು ಹೇಳಿ, ಎರಡೂ ಕೈ ಎತ್ತಲು ಹೇಳಿ, ಒಂದು ವಾಕ್ಯ ಆಡಿಸಿ ಅಂದೆ. ಒಂದು ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಗಾಡಿ ಹೊರಡಿಸಿದ್ದೆ. ಬದುಕಿದ. ನಮ್ಮಲ್ಲಿ ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು: ಪಕ್ಕದವರ ‘ಚೆನ್ನಾಗಿದ್ದಾರೆ’ಯನ್ನು ಎಂದೂ ನಂಬಬೇಡ.

ಅಣ್ಣನಿಗೆ ಹೇಳಿ, ಐವತ್ತು ದಾಟಿದ ಮೇಲೂ ಲಿಫ್ಟಿನ ಗುಂಡಿಯಲ್ಲಿ ಕೋತಿಯ ಹಾಗೆ ಹತ್ತಿ ಇಳಿಯುವುದು ಸಾಕು. ಚಿಕ್ಕವರಿಗೆ ಕಲಿಸಿಕೊಂಡು ನೆಲದ ಮೇಲೆ ನಿಂತಿರಲಿ. ಹಗ್ಗ ಎಷ್ಟಿದ್ದರೇನು, ಹತ್ತುವವನ ಮಂಡಿ ಹಳೆಯದೇ ಅಲ್ಲವಾ? ಇದಕ್ಕೆ ಬಾಲಂಗೋಚಿಯಲ್ಲಿ ಸರಿಯಾದ ಬೈಗುಳ ಬರಲಿ, ಕಾಯುತ್ತಿರುತ್ತೇನೆ.

ಕಂಚು


೨೦ ಮಾರ್ಚ್

ಪ್ರೀತಿಯ ಕಂಚು,

ತಡವಾಯಿತು. ಆಫೀಸಿನ ಕೆಲಸವನ್ನು ಈಗ ಮನೆಯಿಂದಲೇ ಮಾಡುತ್ತಿದ್ದೇನೆ. ಊಟದ ಮೇಜಿನ ಒಂದು ತುದಿ ನನ್ನದು. ಕಿಟಕಿಯಾಚೆ ಎದುರು ಮನೆಯವರು ಬಟ್ಟೆ ಒಣಹಾಕುವುದು ಕಾಣುತ್ತದೆ. ಒಂದು ಕಡೆ ಗೂಟ ಸಡಿಲವಾದರೆ ಅಷ್ಟು ಬಟ್ಟೆಯೂ ಅದೇ ಕಡೆಗೆ ಜಾರಿ ಬರುತ್ತದೆ. ಇಂಥದ್ದನ್ನೆಲ್ಲ ನೋಡುತ್ತಾ ಕೂರುವಷ್ಟು ಬಿಡುವು ಇದೆ, ಬರೆಯುವಷ್ಟು ಇರಲಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಎಡಗಡೆಯವನು ಆಗಾಗ ‘ಇದ್ದೀಯಾ’ ಅನ್ನುತ್ತಾನೆ, ಬಲಗಡೆಯವನು ‘ಇದ್ದೇನೆ’ ಅನ್ನುತ್ತಾನೆ. ಬಲಗಡೆಯವನು ಕೇಳಿದಾಗ ಎಡಗಡೆಯವನೂ ಹಾಗೇ. ಉತ್ತರ ಬಾರದಿದ್ದರೆ ಸತ್ತನೆಂದೇ ಲೆಕ್ಕ. ಆದರೆ ಕೆಲವೊಮ್ಮೆ ಬರೀ ಕೆಲಸದ ಒತ್ತಡಕ್ಕೆ ಉತ್ತರ ಚೂರು ತಡವಾಗುತ್ತದೆ. ಅಷ್ಟಕ್ಕೇ ಸತ್ತ ಸತ್ತ ಎಂದು ಬೊಬ್ಬೆ ಹೊಡೆದರೆ ಮನೆ ನಡೆಯುವುದುಂಟೇ? ಅದಕ್ಕೆ ನಡುವಿನವಳಿಗೆ ನಾನೊಂದು ನಯ ಕಲಿಸಿದ್ದೇನೆ. ಉತ್ತರ ತಡವಾದಾಗ ಕೊಂಚ ಹೊತ್ತು ಅವಳೇ ಅವನ ಪರವಾಗಿ ‘ಇದ್ದಾನೆ’ ಅನ್ನುತ್ತಾಳೆ. ಅಷ್ಟರಲ್ಲಿ ಅವನು ಸುಧಾರಿಸಿಕೊಳ್ಳುತ್ತಾನೆ. ಇಡೀ ಯಂತ್ರದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಯಾರ ಮಾನವೂ ಹೋಗುವುದಿಲ್ಲ, ಯಾರ ನಿದ್ದೆಯೂ ಕೆಡುವುದಿಲ್ಲ.

ನಿನ್ನಣ್ಣ ಚೆನ್ನಾಗಿದ್ದಾರೆ. ನಿನ್ನ ಕಾಗದವನ್ನು ಓದಿ ಹೇಳಿದೆ, ಮುಗುಳ್ನಕ್ಕರು. ನಿನಗೆ ಆಶೀರ್ವಾದ ತಿಳಿಸಿದ್ದಾರೆ.

ಅತ್ತಿಗೆ


೨೮ ಮಾರ್ಚ್

ಅತ್ತಿಗೆ,

ಬಾಲಂಗೋಚಿ ಎಲ್ಲಿ? ಹಾಳೆ ತಿರುಗಿಸಿ ನೋಡಿದೆ, ಲಕೋಟೆ ಕೊಡವಿದೆ. ಬಾಲವಿಲ್ಲದ ಗಾಳಿಪಟ ಗೋತಾ ಹೊಡೆಯುತ್ತದೆ ಅಂತ ಹೇಳಿಕೊಟ್ಟವನೇ ಅವನು.

ಗೊತ್ತಾಯಿತು ಬಿಡಿ. ಕೋತಿ ಅಂದದ್ದಕ್ಕೆ ಮುನಿದಿದ್ದಾನೆ. ಮಂಡಿಯ ಮಾತು ಎತ್ತಬಾರದಿತ್ತು. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಕೈಲಾಗದು ಅಂದರೆ ಆಯಿತು, ಮೂರು ದಿನ ಮುಖ ಸೊಟ್ಟಗೆ. ಆದರೆ ಇಷ್ಟುದ್ದ ಮುನಿಸು ಇದೇ ಮೊದಲು. ನಾನು ಸೋತೆ ಅಂತ ಹೇಳಿ. ಬೇಕಾದರೆ ಗುಂಡಿಯಲ್ಲೇ ಹಾಸಿಗೆ ಹಾಸಿಕೊಂಡು ಮಲಗಲಿ.

ಇಲ್ಲಿ ಮೇಲಿನವರಿಗೆ ಅವಸರ. ಹಳೆಯ ಯಂತ್ರಕ್ಕೆ ಬಿಡಿಭಾಗ ಸಿಗುವುದಿಲ್ಲ, ಬೇಗ ಹೂಂ ಅನ್ನಿ ಎಂದು ಬೆನ್ನು ಬಿದ್ದಿದ್ದಾರೆ. ತಾಲೀಮು ಆಗದೆ ಅನ್ನುವುದಿಲ್ಲ ಅಂದಿದ್ದೇನೆ. ಏಪ್ರಿಲ್ ನಡುವೆ ಒಂದು ಬೆಳಿಗ್ಗೆ, ಹೊಸ ಯಂತ್ರಕ್ಕೆ ನಾವೇ ಸುಳ್ಳು ಕರೆ ಮಾಡುತ್ತಾ, ನಡುವೆ ಅರ್ಧ ಯಂತ್ರವನ್ನು ಕಿತ್ತು ನೋಡುತ್ತೇವೆ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಇಲ್ಲಿ ಒಂದು ಕರೆ ಬಿಟ್ಟುಹೋದರೆ ಒಂದು ಮನೆ ಬಿಟ್ಟುಹೋದ ಹಾಗೆ.

ಕಂಚು


೮ ಏಪ್ರಿಲ್

ಪ್ರೀತಿಯ ಕಂಚು,

ಮುನಿಸೂ ಇಲ್ಲ, ಏನೂ ಇಲ್ಲ. ನಿನ್ನಣ್ಣನಿಗೆ ಕೆಲಸ ಹೆಚ್ಚು. ಹೊಸ ಕಟ್ಟಡವೊಂದರ ಲಿಫ್ಟುಗಳೆಲ್ಲ ಇವರ ಕೊರಳಿಗೆ ಬಿದ್ದಿವೆ. ಮನೆಗೆ ಬಂದವರೇ ಮಲಗಿಬಿಡುತ್ತಾರೆ. ಆರೋಗ್ಯವಾಗಿದ್ದಾರೆ.

ತಾಲೀಮಿಗೆ ಶುಭವಾಗಲಿ. ನಮ್ಮ ಲ್ಯಾಬಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಅರ್ಧ ಯಂತ್ರದ ವಿದ್ಯುತ್ತು ಕಡಿದು ನೋಡಿದ್ದೇವೆ. ಪ್ರತಿ ಸಲವೂ ಇನ್ನರ್ಧ ಎದೆ ಕೊಟ್ಟು ನಿಂತಿದೆ.

ಅತ್ತಿಗೆ

ಬಾಲಂಗೋಚಿ: ಪ್ರೀತಿಯ ಕಂಚು, ಧೈರ್ಯವಾಗಿ ಮುಂದುವರಿ. ಎಲ್ಲವೂ ಒಳ್ಳೆಯದಾಗುತ್ತದೆ. — ಅಣ್ಣ (ಅವರ ಕೈಯೆಲ್ಲ ಗ್ರೀಸು. ಹೇಳಿದ್ದನ್ನು ನಾನು ಬರೆದೆ.)


೧೬ ಏಪ್ರಿಲ್

ಅತ್ತಿಗೆ,

ಈ ಕಾಗದ ಬರೆಯುವಾಗ ನನಗೆ ಸಿಟ್ಟು ಬಂದಿದೆ. ಮೊದಲೇ ಹೇಳಿಬಿಡುತ್ತೇನೆ.

ಇವತ್ತು ತಾಲೀಮು. ಎರಡೂ ದೀಪ ಹಸಿರು. ಗೋಡೆಯ ದೊಡ್ಡ ಸ್ಕ್ರೀನಿನಲ್ಲಿ ‘ಎಡ: ಇದ್ದಾನೆ, ಬಲ: ಇದ್ದಾನೆ’ ಅನ್ನುವ ಅರ್ಥದ ಎರಡು ಹಸಿರು ಚೌಕ. ನಮ್ಮ ಹುಡುಗಿಯರು ಸುಳ್ಳು ಕರೆ ಮಾಡತೊಡಗಿದರು. ಒಬ್ಬಳಿಗೆ ಹೆರಿಗೆ ನೋವು, ಒಬ್ಬಳ ಮಾವ ಏಣಿಯಿಂದ ಬಿದ್ದರು, ಇನ್ನೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ನಾನು ಗಾಜಿನ ಬಾಗಿಲಾಚೆ ನಿಂತಿದ್ದ ಸ್ಕ್ರೂಡ್ರೈವರನಿಗೆ ಸನ್ನೆ ಮಾಡಿದೆ. ಅವನು ಎಡಗಡೆಯವನನ್ನು ಎಳೆದು ಹೊರಗಿಟ್ಟ.

ಸತ್ತಿತು. ಇಡೀ ಯಂತ್ರ. ಅಷ್ಟೂ ಮೇಜಿನ ಸ್ಕ್ರೀನುಗಳು ಒಟ್ಟಿಗೆ ಕಪ್ಪಾದವು. ನಗುತ್ತಿದ್ದವಳ ನಗು ಬಾಯಲ್ಲೇ ನಿಂತಿತು. ಪಕ್ಕದಲ್ಲಿ ಹಳೆಯ ಯಂತ್ರ ನಿಜವಾದ ಕರೆಗಳನ್ನು ತನ್ನ ಪಾಡಿಗೆ ತೆಗೆದುಕೊಳ್ಳುತ್ತಿತ್ತು, ಆದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಅದನ್ನು ಮುದುಕಿ ಅಂತ ಮೂಲೆಗೆ ಹಾಕಿಬಿಟ್ಟಿದ್ದರೆ?

ನಾನು ‘ಆಗಲಿ’ ಅನ್ನುವುದಿಲ್ಲ. ಅತ್ತಿಗೆಯ ಯಂತ್ರ ಎಂಬ ದಾಕ್ಷಿಣ್ಯಕ್ಕೂ ಅನ್ನುವುದಿಲ್ಲ.

ಕಂಚು


೨೨ ಏಪ್ರಿಲ್

ಕಂಚು,

ನಿನ್ನ ಕಾಗದ ಓದಿದೆ. ಬೇಸರ ಮಾಡಿಕೊಳ್ಳಬೇಡ, ಇದು ಯಂತ್ರದ ತಪ್ಪಲ್ಲ. ಬಲಗಡೆಯವನನ್ನು ಹೊಸದಾಗಿ ಕೂರಿಸಿದಾಗ ಅವನು ಎಡಗಡೆಯವನ ನೆನಪನ್ನೆಲ್ಲ ನಕಲು ಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅದು ಮುಗಿಯುವ ಮುಂಚೆ ಎಳೆದಿದ್ದೀರಿ. ಇಲ್ಲವೇ ನಿಮ್ಮ ತಂತ್ರಜ್ಞ ಮಾತಿನಲ್ಲಿ ಎಡ ಎಂದು ಕೈಯಲ್ಲಿ ಬಲ ಎಳೆದಿರಬೇಕು. ಹಾಗಾಗುವುದುಂಟು. ಇನ್ನೊಮ್ಮೆ ನಿಧಾನವಾಗಿ ಮಾಡಿ ನೋಡಿ.

ನಿನ್ನಣ್ಣ ಚೆನ್ನಾಗಿದ್ದಾರೆ.

ಅತ್ತಿಗೆ


೨೯ ಏಪ್ರಿಲ್

ಅತ್ತಿಗೆ,

ನಕಲು ಎಂದೋ ಮುಗಿದಿತ್ತು. ಸ್ಕ್ರೂಡ್ರೈವರನಿಗೆ ಎಡಬಲ ಗೊತ್ತು. ನಿಮ್ಮ ಕಂಪನಿಯವರ ಜೊತೆ ಅವನು ಎರಡು ದಿನ ಕೂತು ಜಾಲಾಡಿದ. ಕಂಡದ್ದು ಇಷ್ಟು. ಬಲಗಡೆಯವನು ತಾಲೀಮಿಗೆ ಬಹಳ ದಿನ ಮುಂಚೆಯೇ ಮೂಕನಾಗಿದ್ದ. ಸತ್ತಿರಲಿಲ್ಲ. ಮೈಯಲ್ಲಿ ವಿದ್ಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ದೀಪ ಹಸಿರಾಗಿತ್ತು. ಕೆಲಸ ಮಾಡುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಆದರೂ ಗೋಡೆಯ ಮೇಲೆ ‘ಇದ್ದಾನೆ, ಇದ್ದಾನೆ’ ಎಂದು ಬರುತ್ತಲೇ ಇತ್ತು. ಎಡಗಡೆಯವನು ಒಬ್ಬನೇ ಹೊತ್ತುಕೊಂಡು ನಡೆಯುತ್ತಿದ್ದ. ಅವನಿಗೂ ಅದು ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ನೀವು ವಿದ್ಯುತ್ತು ಕಡಿದು ನೋಡಿದಿರಿ, ಅಂದರೆ ಸಾಯಿಸಿ ನೋಡಿದಿರಿ. ಬದುಕಿದ್ದು ಮಾತು ಹೋದವನನ್ನು ನೋಡಲಿಲ್ಲ.

ಇದು ಗೊತ್ತಾದ ಮೇಲೆ ಮಾರ್ಚಿನ ನಿಮ್ಮ ಕಾಗದ ತೆಗೆದೆ, ‘ಅವಳೇ ಅವನ ಪರವಾಗಿ ಇದ್ದಾನೆ ಅನ್ನುತ್ತಾಳೆ’ ಅಂತ ಬರೆದಿದ್ದಿರಲ್ಲ, ಅದನ್ನು ಹುಡುಕಲು. ಅದರ ಕೆಳಗೇ ಇನ್ನೊಂದು ಸಾಲು ಇತ್ತು. ಅಣ್ಣ ಆಶೀರ್ವಾದ ತಿಳಿಸಿದ್ದಾನೆ. ಅತ್ತಿಗೆ, ಅಣ್ಣ ನನಗೆ ಯಾವತ್ತು ಆಶೀರ್ವಾದ ಮಾಡಿದ್ದ? ಮದುವೆ ಬೇಡ ಅಂದಾಗ, ಈ ಕೆಲಸಕ್ಕೆ ಸೇರಿದಾಗ, ಯಾವಾಗಲೂ ಮಾಡಿದ್ದು ಗೇಲಿ. ಏಪ್ರಿಲಿನ ಬಾಲಂಗೋಚಿ ನೋಡಿದೆ. ‘ಪ್ರೀತಿಯ ಕಂಚು’ ಅಂತೆ. ಹುಟ್ಟಿದಾಗಿನಿಂದ ನಾನು ಅವನಿಗೆ ಬಾಯಿಬಡುಕಿ.

ವ್ರತ ಮುರಿದು ಫೋನು ಮಾಡಿದೆ. ನೀವೇ ಎತ್ತಿದಿರಿ. ಸ್ನಾನಕ್ಕೆ ಹೋಗಿದ್ದಾರೆ ಅಂದಿರಿ. ಮರುದಿನ ಮಾಡಿದೆ. ಮಲಗಿದ್ದಾರೆ ಅಂದಿರಿ. ಅವನ ನಂಬರಿಗೆ ಮಾಡಿದರೂ ನಿಮ್ಮದೇ ದನಿ. ನಾನು ಈ ಕೆಲಸದಲ್ಲಿ ಎಷ್ಟು ವರ್ಷದಿಂದ ಇದ್ದೇನೆ ಅಂತ ನಿಮಗೆ ಗೊತ್ತು.

ಬಲಗಡೆಯವನ ಪರವಾಗಿ ಉತ್ತರ ಕೊಡುತ್ತಿರುವುದು ಯಾರು?

ಅಮ್ಮಾ, ಪೆನ್ಸಿಲು ಅವರ ಕೈಗೆ ಕೊಡಿ.

ಕಂಚು


೪ ಮೇ

ಕಂಚು,

ಕೊಟ್ಟೆ. ಈ ಹಾಳೆಯ ಕೊನೆಯಲ್ಲಿ ಕಾಣುವ ಗೆರೆ ಅವರದು, ಎಡಗೈಯದು. ನಾನು ಹಾಳೆಯನ್ನು ಒತ್ತಿ ಹಿಡಿದಿದ್ದೆ, ಅಷ್ಟೇ.

ಫೆಬ್ರವರಿಯಲ್ಲಿ ನಿನ್ನ ಕಾಗದ ಬಂದ ದಿನ ನಾನೇ ಗಟ್ಟಿಯಾಗಿ ಓದಿದೆ. ಮಂಡಿಯ ಮಾತಿಗೆ ನಕ್ಕರು, “ತಾಳು, ಇವಳಿಗೆ ಮಾಡ್ತೀನಿ” ಅಂದರು. ಬಾಲಂಗೋಚಿ ಬರೆಯಲು ಪೆನ್ಸಿಲು ಎತ್ತಿಕೊಂಡರು. ಅದು ಬೆರಳಿನಿಂದ ಜಾರಿ ಮೇಜಿನ ಮೇಲೆ ಉರುಳಿತು. ಎತ್ತಿಕೊಟ್ಟೆ, ಮತ್ತೆ ಉರುಳಿತು. ನಿನ್ನ ಕಾಗದ ಇನ್ನೂ ನನ್ನ ಕೈಯಲ್ಲೇ ಇತ್ತು. ಚಮಚ ಬೀಳಿಸಿದವನ ಕಥೆ ಓದಿ ಉಸಿರಾಡುವಷ್ಟೂ ಹೊತ್ತಾಗಿರಲಿಲ್ಲ. ನಗಿ ಅಂದೆ, ಅರ್ಧ ಮುಖ ಮಾತ್ರ ನಕ್ಕಿತು. ಎರಡೂ ಕೈ ಎತ್ತಿ ಅಂದೆ, ಬಲಗೈ ಮೇಜು ಬಿಟ್ಟು ಏಳಲಿಲ್ಲ. ನಿಮ್ಮಂಥದೇ ಕರೆಕೋಣೆಯೊಂದಕ್ಕೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಏನು ಕೇಳುತ್ತಾಳೆಂದು ನನಗೆ ಮೊದಲೇ ಗೊತ್ತಿತ್ತು. ಬೇಗ ತಂದಿರಿ ಎಂದರು ಡಾಕ್ಟರು. ಇನ್ನೊಂದು ವಾರ ತಡವಾಗಿ ನೀನು ಆ ಕಾಗದ ಬರೆದಿದ್ದರೆ ನಾನು ಇವರಿಗೆ ಸೋಡಾ ಕುಡಿಸಿ ಮಲಗಿಸುತ್ತಿದ್ದೆ.

ಬಲಗಾಲು ಈಗ ಬಂದಿದೆ, ಕೋಲು ಹಿಡಿದು ಮಹಡಿ ಇಳಿಯುತ್ತಾರೆ. ಬಲಗೈ ಇನ್ನೂ ಸೋಮಾರಿ. ಹೋದದ್ದು ಮಾತು.

ನಿನಗೆ ಹೇಳಲೇ ಎಂದು ಆಸ್ಪತ್ರೆಯಲ್ಲಿ ಅವರನ್ನೇ ಕೇಳಿದೆ. ಬೇಡವೆಂದು ಜೋರಾಗಿ ತಲೆಯಾಡಿಸಿದರು. ಹೊಸ ಯಂತ್ರದ ಗಡಿಬಿಡಿಯಲ್ಲಿ ನಿನಗೆ ತೊಂದರೆ ಬೇಡ ಅನ್ನುತ್ತಿರಬೇಕು, ತಂಗಿಯ ಮುಂದೆ ಸೋತು ಮಲಗಲು ಅವರಿಗೆ ಮನಸ್ಸಿಲ್ಲ ಎಂದುಕೊಂಡೆ. ಪ್ರತಿ ಸಲ ಕೇಳಿದಾಗಲೂ ಅದೇ ತಲೆಯಾಟ, ಪ್ರತಿ ಸಲವೂ ಹಿಂದಿಗಿಂತ ಸಿಟ್ಟು. ಮೊನ್ನೆ ಮಾತು ಕಲಿಸುವಾಕೆ ಬಂದಿದ್ದಾಗ ಚಹಾ ಬೇಕೇ ಅಂದೆ. ಬೇಡವೆಂದು ತಲೆಯಾಡಿಸಿ ಲೋಟಕ್ಕೆ ಕೈ ಚಾಚಿದರು. ಆಕೆ ನಕ್ಕಳು. ಈ ಕಾಯಿಲೆಯಲ್ಲಿ ಹೌದು ಅಲ್ಲಗಳು ಅದಲುಬದಲಾಗುವುದುಂಟಂತೆ. ‘ಯಜಮಾನರ ತಲೆ ನಂಬಬೇಡಿ, ಕೈ ನೋಡಿ’ ಅಂದಳು.

ಅಂದರೆ ಕಂಚು, ಇವರು ಇಷ್ಟು ದಿನವೂ ನಿನಗೆ ಹೇಳು, ಹೇಳು ಎಂದು ನನ್ನನ್ನು ಬೈಯುತ್ತಿದ್ದಿರಬೇಕು.

ಅದೇ ಮಧ್ಯಾಹ್ನ ನಿನ್ನ ಕಾಗದ ಬಂತು. ಓದಿ ನೇರವಾಗಿ ನಡುವಿನವಳ ಹೊಟ್ಟೆ ಬಗೆದೆ. ತಪ್ಪು ಅಲ್ಲೇ ಕೂತಿತ್ತು, ಬರೆದವಳು ನಾನೇ. ಪರವಾಗಿ ಉತ್ತರ ಕೊಡುವುದು ಕೊಂಚ ಹೊತ್ತಿಗೆ ಮಾತ್ರ ಎಂದು ನಿನಗೆ ಹೇಳಿದ್ದೆನಲ್ಲ? ಆ ಹೊತ್ತನ್ನು ಎಲ್ಲಿಂದ ಎಣಿಸಬೇಕು? ಬಲಗಡೆಯವನ ಕೊನೆಯ ಉತ್ತರದಿಂದ. ಆದರೆ ಅವಳು ತಾನು ಕೊಟ್ಟ ಉತ್ತರವನ್ನೂ ಅವನದೆಂದೇ ಹಿಡಿದಳು. ಪ್ರತಿ ಸಲ ‘ಇದ್ದಾನೆ’ ಅಂದಾಗಲೂ ಲೆಕ್ಕ ಮತ್ತೆ ಮೊದಲಿನಿಂದ ಶುರು. ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡು, ಆಹಾ, ಇದ್ದಾನೆ ಎಂದು ನಂಬಿದಳು. ನಾನೂ ಇಲ್ಲಿ ಊಟದ ಮೇಜಿನ ತುದಿಯಲ್ಲಿ ಕೂತು ‘ಚೆನ್ನಾಗಿದ್ದಾರೆ’ ಎಂದು ಬರೆದು, ಬರೆದದ್ದನ್ನು ಓದಿ, ಹಗುರಾಗಿ ಅಡುಗೆಗೆ ಏಳುತ್ತಿದ್ದೆ.

ತಿದ್ದಿದ್ದೇನೆ. ಇನ್ನು ಮುಂದೆ ನಡುವಿನವಳು ಯಾರ ಪರವಾಗಿಯೂ ‘ಇದ್ದಾನೆ’ ಅನ್ನುವುದಿಲ್ಲ. ‘ಕೇಳಿದೆ, ಇನ್ನೂ ಉತ್ತರ ಬಂದಿಲ್ಲ’ ಅನ್ನುತ್ತಾಳೆ. ಗೋಡೆಯ ಮೇಲೆ ಹಸಿರು ಕೆಂಪುಗಳ ಜೊತೆ ಹಳದಿಯೂ ಬರುತ್ತದೆ. ಹಳದಿ ಕಂಡಾಗ ಬೊಬ್ಬೆ ಬೇಡ, ಆದರೆ ಯಾರಾದರೂ ಎದ್ದು ಹೋಗಿ ನೋಡಬೇಕು. ಈ ಸಲ ಲ್ಯಾಬಿನಲ್ಲಿ ಬಲಗಡೆಯವನ ವಿದ್ಯುತ್ತು ಕಡಿಯದೆ ಬಾಯಿ ಮಾತ್ರ ಕಟ್ಟಿ ನೋಡಿದೆವು. ಹಳದಿಯಾಯಿತು. ಆಮೇಲೆ ಎಡಗಡೆಯವನ ಬಾಯಿ ಕಟ್ಟಿದೆವು, ಆಗಲೂ ಹಳದಿಯೇ. ಈಗ ನಾನು ಹೇಳುವುದನ್ನು ನಂಬಬೇಡ, ನೀನೇ ಬಾಯಿ ಕಟ್ಟಿ ನೋಡು.

ಒಂದು ಸಂಗತಿ ಮರೆತಿದ್ದೆ. ಸಂಜೆ ಹೊತ್ತು ಇವರಿಗೆ ಪದ್ಯ ಓದುತ್ತೇನೆ. ನಾನು ಪದ್ಯ ಓದಿದರೆ ಮುಂಚೆ ಇವರು ಕಿವಿಗೆ ಹತ್ತಿ ಇಟ್ಟುಕೊಳ್ಳುವ ನಟನೆ ಮಾಡುತ್ತಿದ್ದದ್ದು ನಿನಗೂ ಗೊತ್ತು. ಕಳೆದ ವಾರ ಒಂದು ಸಾಲಿನ ಕೊನೆಗೆ ಬಂದು ಕೆಮ್ಮು ಬಂತು, ನಿಲ್ಲಿಸಿದೆ. ಪ್ರಾಸದ ಆ ಕೊನೆಯ ಪದವನ್ನು ಇವರು ಹೇಳಿದರು. ಸ್ಪಷ್ಟವಾಗಿ. ಇಷ್ಟು ವರ್ಷ ಹತ್ತಿಯ ಹಿಂದಿನಿಂದ ಕೇಳುತ್ತಲೇ ಇದ್ದರು ಅನ್ನು.

ಬೇಗ ಬಾ.

ಅತ್ತಿಗೆ


೩೦ ಮೇ

ಅತ್ತಿಗೆ,

ತಲುಪಿದೆ. ನಿಮ್ಮಲ್ಲಿಂದ ಹಿಂತಿರುಗುವಾಗ ರೈಲಿನಲ್ಲಿ ಎದುರಿನ ಸೀಟಿನವರು ದಾರಿಯುದ್ದಕ್ಕೂ ನನ್ನ ಪರವಾಗಿ ಕಿಟಕಿ ತೆರೆದು ಮುಚ್ಚಿ ಮಾಡುತ್ತಿದ್ದರು. ಕೊನೆಗೆ “ಸ್ವಾಮಿ, ನನಗೆ ಸೆಖೆಯಾದರೆ ನಾನೇ ಹೇಳ್ತೀನಿ” ಅಂದೆ. ನಿಮ್ಮ ನೆನಪಾಗಿ ನಗು ಬಂತು.

ನಾನು ಬಾಗಿಲಲ್ಲಿ ನಿಂತಾಗ ಅಣ್ಣ ಅಲ್ಲ ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಾ ಎಡಗೈ ಚಾಚಿದನಲ್ಲ, ಅದನ್ನು ಮರೆಯಲಾಗುತ್ತಿಲ್ಲ. ನೀವು ಮೊದಲೇ ಬರೆಯದಿದ್ದರೆ ನಾನು ಅದನ್ನೂ ತಪ್ಪಾಗಿಯೇ ಓದುತ್ತಿದ್ದೆ. ಕೋತಿ ಅಂದದ್ದಕ್ಕೆ ಮುನಿದಿದ್ದಾನೆ ಎಂದು ತಿಂಗಳುಗಟ್ಟಲೆ ನಂಬಿದವಳು ನಾನು. ಸ್ಟ್ರೋಕ್ ಕಂಡುಹಿಡಿಯುವುದನ್ನು ಊರಿಗೆಲ್ಲ ಕಲಿಸುತ್ತೇನೆ. ನನಗೆ ಹೇಳಲಿಲ್ಲವೆಂದು ನಿಮ್ಮ ಮೇಲೆ ಇದ್ದ ಸಿಟ್ಟನ್ನು ಅಲ್ಲಿ ಮೂರನೆಯ ದಿನ ಪಾತ್ರೆ ತೊಳೆಯುವಾಗ ತೀರಿಸಿಕೊಂಡೆ, ಬಾಣಲೆಯ ಹಿಡಿ ನೋಡಿದರೆ ಗೊತ್ತಾಗುತ್ತದೆ.

ನಿನ್ನೆ ಎರಡನೆಯ ತಾಲೀಮು. ಸ್ಕ್ರೂಡ್ರೈವರ್ ಬಲಗಡೆಯವನ ಬಾಯಿ ಕಟ್ಟಿದ. ಫ್ಯಾನು ತಿರುಗುತ್ತಿತ್ತು, ಮುಂದಿನ ದೀಪ ಹಸಿರೇ ಇತ್ತು, ಆದರೆ ಗೋಡೆಯ ಮೇಲೆ ಬಲದ ಚೌಕ ಹಳದಿಯಾಯಿತು. ಮೇಲಿನವರು “ಚಿಕ್ಕ ವಿಷಯ, ಮುಂದುವರಿಸಿ” ಅಂದರು. ನಾನು ಎದ್ದು ಹೋಗಿ ನೋಡಿ ಬಂದೆ. ಆಮೇಲೆ ಅವನನ್ನು ಎಳೆದು ಹೊರಗಿಟ್ಟು, ಬೇರೊಬ್ಬನನ್ನು ಕೂರಿಸಿ, ನಕಲು ಮುಗಿಯುವವರೆಗೆ ಕಾದೆವು. ಎರಡೂ ಹಸಿರಾದ ಮೇಲೆ ಎಡಗಡೆಯವನನ್ನು ಕಿತ್ತೆವು. ಈ ಸಲವೂ ಸುಳ್ಳು ಹೆರಿಗೆ ನೋವಿನವಳು ಮಾತಾಡುತ್ತಿದ್ದಳು. ಒಂದು ಅಕ್ಷರ ಕಡಿಯಲಿಲ್ಲ. ಅವಳಿಗೆ ಗೊತ್ತೂ ಆಗಲಿಲ್ಲ, ಹೆತ್ತು ಮುಗಿಸಿ “ಯಾವಾಗ ಕೀಳ್ತೀರಿ ಮೇಡಂ?” ಎಂದು ಕೇಳಿದಳು.

‘ಆಗಲಿ’ ಅಂದೆ. ಹಳೆಯದನ್ನು ಇವತ್ತು ಸಾಗಿಸಿದರು. ನಿಮ್ಮ ಯಂತ್ರ ಈಗ ನಿಜವಾದ ಕರೆ ತೆಗೆದುಕೊಳ್ಳುತ್ತಿದೆ. ಇದನ್ನು ಬರೆಯುವ ಹೊತ್ತಿಗೆ ಅದು ಒಬ್ಬ ಅಜ್ಜಿಯನ್ನೂ ಸೈಕಲ್ಲಿನಿಂದ ಬಿದ್ದ ಒಬ್ಬನನ್ನೂ ಆಸ್ಪತ್ರೆ ಮುಟ್ಟಿಸಿದೆ.

ಅಣ್ಣನಿಗೆ ಹೇಳಿ, ಆ ಗೆರೆಯನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಆದರೆ ಗೆರೆಗೆಲ್ಲ ನಾನು ಬಗ್ಗುವವಳಲ್ಲ. ಮಂಡಿಯ ಮಾತಿಗೆ ಬೈಗುಳ ಇನ್ನೂ ಬರಬೇಕಿದೆ.

ಕಂಚು


೧೭ ಜೂನ್

ಪ್ರೀತಿಯ ಕಂಚು,

ಬಾಣಲೆಯ ಹಿಡಿ ನೋಡಿದೆ. ಸಿಟ್ಟು ದೊಡ್ಡದೇ ಇತ್ತು.

ನಾಳೆಯಿಂದ ಮತ್ತೆ ಆಫೀಸಿಗೆ ಹೋಗುತ್ತೇನೆ. ನಾನು ಮನೆಯಲ್ಲಿಲ್ಲದ ಹೊತ್ತು ಫೋನು ಬಂದರೆ ಇವರೇ ಎತ್ತುತ್ತಾರೆ. ಉತ್ತರ ಬರಲು ತಡವಾಗಬಹುದು. ನೀನು ಕಾಯುತ್ತೀಯ ಎಂದು ನನಗೆ ಗೊತ್ತು, ಬೇರೆಯವರೂ ಕಾಯಲಿ.

ಹೆಚ್ಚು ಬರ

(ಇಲ್ಲಿ ನನ್ನ ಕೈಯಿಂದ ಹಾಳೆ ಎಳೆದುಕೊಂಡರು. ಕೆಳಗಿನದು ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗಿನ ಕೆಲಸ. ನಾನು ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದೆ. ಏನನ್ನೂ ಹೇಳಿಕೊಟ್ಟಿಲ್ಲ, ಏನನ್ನೂ ತಿದ್ದಿಲ್ಲ. — ಅತ್ತಿಗೆ)

ಬಾಲಂಗೋಚಿ: ಬಾಯಿಬಡುಕಿ. ಒಂದು ಹಗ್ಗ ಹೋಯ್ತು. ಹಗ್ಗ ಎರಡಿತ್ತು. ಮಂಡಿ ನಿಂದು ಹಳೇದು. — ಅಣ್ಣ